ನೈಟ್ ಸಿಟಿಯಲ್ಲಿ ಮುದುಕರೇ ಇಲ್ವಾ?

ಹಿಂದಿನ ಸಂಚಿಕೆಯಲ್ಲಿ 'ಸೈಬರ್‌ಪಂಕ್ 2077' ಆಟದ ಬಗ್ಗೆ ಅರ್ಧ ಪುಟ ಬರೆದಿದ್ದೆ. ಯಾವ ಗನ್ ಒಳ್ಳೇದು, ಯಾವ ಕಾರು ಜೋರು ಅಂತ ಕೇಳ್ತೀರಿ ಅಂದುಕೊಂಡಿದ್ದೆ. ಆದರೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದಿದ್ದು ವಯಸ್ಸಿನ ಮಾತು, ಮುಪ್ಪಿನ ಮಾತು, ದೇಹಕ್ಕೆ ಯಂತ್ರ ಜೋಡಿಸಿಕೊಳ್ಳುವ ಮಾತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ ಇದನ್ನು 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ಮೂಲ ಅಮೆರಿಕದ ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ತಂದ, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಆಟ. ಕಥೆ ನಡೆಯೋದು 2077ರಲ್ಲಿ, ಕ್ಯಾಲಿಫೋರ್ನಿಯಾದ ಕಡಲ ತೀರದ ನೈಟ್ ಸಿಟಿ ಅನ್ನೋ ಕಾಲ್ಪನಿಕ ಊರಲ್ಲಿ. ನಾವು ಆಡುವ ಪಾತ್ರದ ಹೆಸರು ವಿ. ಅಲ್ಲಿ ಕಣ್ಣು, ಕೈ, ಹೃದಯ ಎಲ್ಲವನ್ನೂ ಬದಲಾಯಿಸಿಕೊಳ್ಳಬಹುದು, ಆ ಸಾಮಾನಿಗೆ ಸೈಬರ್‌ವೇರ್ ಅಂತಾರೆ, ಹಾಕಿಕೊಡುವ ಡಾಕ್ಟರಿಗೆ ರಿಪ್ಪರ್‌ಡಾಕ್ ಅಂತಾರೆ. ಕೆಳಗೆ ಕಥೆಯ ಕೊನೆಗಳನ್ನೂ ಬಾಯಿಬಿಟ್ಟಿದ್ದೇನೆ. ಇನ್ನೂ ಆಡದವರು ಪುಟ ತಿರುಗಿಸಬಹುದು.

ಪ್ರಶ್ನೆ: ರೋಗ್‌ಗೆ ಎಂಬತ್ತು ದಾಟಿದೆ, ಕೆರ್ರಿಗೆ 89 ಅಂತ ಓದಿದೆ. ತೆರೆಯ ಮೇಲೆ ನೋಡಿದರೆ ಇಬ್ಬರೂ ನಮ್ಮ ಕಾಲೇಜಿನ ಲೆಕ್ಚರರ್ ವಯಸ್ಸಿನವರ ಹಾಗಿದ್ದಾರೆ. ಇದು ಆಟ ಮಾಡಿದವರ ಸೋಮಾರಿತನವಾ, ಇಲ್ಲಾ ಕಾರಣ ಇದೆಯಾ?
(ಪದವಿ ವಿದ್ಯಾರ್ಥಿ, ದಾವಣಗೆರೆ)

ಕಾರಣ ಇದೆ. ದುಡ್ಡು. ಆ ಲೋಕದಲ್ಲಿ ಹಣ ಇದ್ದವರು ದೇಹವನ್ನು ರಿಪೇರಿ ಮಾಡಿಸುತ್ತಾ ಹೋಗಬಹುದು. ಕೆರ್ರಿ ಯೂರೋಡೈನ್ ದೊಡ್ಡ ರಾಕ್ ಗಾಯಕ, ಶ್ರೀಮಂತರ ಬಡಾವಣೆ ನಾರ್ತ್ ಓಕ್‌ನಲ್ಲಿ ಬಂಗಲೆ. ರೋಗ್ 'ಆಫ್ಟರ್‌ಲೈಫ್' ಬಾರಿನ ಒಡತಿ, ಊರಿನ ಕೂಲಿ ಹೋರಾಟಗಾರರಿಗೆಲ್ಲ ಕೆಲಸ ಹಂಚುವವಳು. ಅರಸಾಕಾ ಕಂಪನಿಯ ಮಾಲೀಕ ಸಬುರೊನ ಮಗಳು ಹನಾಕೋಗೆ ಎಂಬತ್ತರ ಹತ್ತಿರ, ಮುಖದಲ್ಲಿ ಒಂದು ಗೆರೆ ಇಲ್ಲ.

ಆದರೆ ಮುಖ ಎಳೆಯದಾದ ತಕ್ಷಣ ಒಳಗೂ ಎಳೆಯರಾಗಲ್ಲ. ಇದನ್ನು ಆಟ ಚೆನ್ನಾಗಿಯೇ ತೋರಿಸಿದೆ. ಮೂವರು ಹುಡುಗಿಯರ ಪಾಪ್ ಬ್ಯಾಂಡೊಂದು ತನ್ನ ಹಳೆ ಹಾಡನ್ನು ಹಾಡ್ತಾ ಇದೆ ಅಂತ ಕೆರ್ರಿ ಉರಿದು ಬೀಳುತ್ತಾನೆ. ಅದು ನಲವತ್ತರ ಸಿಟ್ಟಲ್ಲ, ಪಕ್ಕಾ ತೊಂಬತ್ತರ ಹತ್ತಿರದ ಸಿಟ್ಟು. ಮುಖ ಮಾತ್ರ ಅದಕ್ಕೆ ಹೊಂದಲ್ಲ.

ರೋಗ್‌ದು ಇನ್ನೂ ಸೂಕ್ಷ್ಮ. ಅವಳ ಹಳೆ ಪ್ರೇಮಿ ಜಾನಿ ಸಿಲ್ವರ್‌ಹ್ಯಾಂಡ್ 2023ರಲ್ಲಿ ಸತ್ತವನು. ಅವನ ಮನಸ್ಸಿನ ಡಿಜಿಟಲ್ ಪ್ರತಿ ವಿಯ ತಲೆಯೊಳಗಿನ ಚಿಪ್‌ನಲ್ಲಿದೆ. ಜಾನಿ ಹುಟ್ಟಿದ್ದು 1988ರಲ್ಲಿ, ಅಂದರೆ ಮೂವತ್ತನಾಲ್ಕಕ್ಕೆ ನಿಂತುಹೋದವನು. ಐವತ್ತನಾಲ್ಕು ವರ್ಷ ಆದಮೇಲೆ ವಿಯ ದೇಹವನ್ನು ಒಂದು ರಾತ್ರಿ ಎರವಲು ತಗೊಂಡು, ಪಾಳು ಬಿದ್ದ ಡ್ರೈವ್-ಇನ್ ಚಿತ್ರಮಂದಿರಕ್ಕೆ ಅವಳನ್ನು ಕರೆದುಕೊಂಡು ಹೋಗ್ತಾನೆ. ಪ್ರೊಜೆಕ್ಟರ್ ಹೊತ್ತಿಸಿ, ಸಿನಿಮಾ ಹಾಕಿ, ಪಕ್ಕ ಕೂತು, ಹತ್ತಿರ ಬಂದಾಗ ಅವಳೇ ತಡೆದು ಎದ್ದು ಹೊರಟುಬಿಡ್ತಾಳೆ. ಅವನಿಗೆ ಅದು ಮೊನ್ನೆ ಮೊನ್ನೆಯ ಪ್ರೀತಿ. ಅವಳಿಗೆ ನಡುವೆ ಇಡೀ ಒಂದು ಬದುಕು ಕಳೆದಿದೆ. ಚರ್ಮ ಬಿಗಿ ಮಾಡಿಸಬಹುದು, ಕಳೆದ ವರ್ಷಗಳನ್ನು ತೆಗೆಸೋಕಾಗಲ್ಲ ಅಲ್ವಾ.

ಒಬ್ಬಳು ಮಾತ್ರ ಬೇರೆ. ಜಪಾನ್‌ಟೌನಿನ ಪಚಿಂಕೋ ಜೂಜಿನ ಅಂಗಡಿಯಲ್ಲಿ ಕೂರುವ ವಕಾಕೋ ಒಕಾಡಾ. ಕೈಯಲ್ಲಿ ದುಡ್ಡಿದ್ದೂ ಸುಕ್ಕುಗಳನ್ನು ಹಾಗೇ ಉಳಿಸಿಕೊಂಡಿದ್ದಾಳೆ. ಇಷ್ಟು ವರ್ಷ ಈ ಊರಲ್ಲಿ ಬದುಕಿದ್ದೀನಿ ಅಂತ ಆ ಮುಖವೇ ಹೇಳುತ್ತೆ, ಎದುರು ನಿಂತವನಿಗೆ ಅಷ್ಟು ಸಾಕು. ನನಗೆ ಆಟದಲ್ಲಿ ತುಂಬಾ ಇಷ್ಟವಾದ ಪಾತ್ರಗಳಲ್ಲಿ ಇವಳೂ ಒಬ್ಬಳು.

ಇನ್ನು ಬಡ ಮುದುಕರು ಎಲ್ಲಿ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಶುರುವಿನಲ್ಲೇ ಒಂದು ಕೆಲಸ ಬರುತ್ತೆ, ಅಂಗ ಕದಿಯುವವರ ಗುಹೆಯಂಥ ಮನೆಯಿಂದ ಸ್ಯಾಂಡ್ರಾ ಡಾರ್ಸೆಟ್ ಅನ್ನೋ ಹೆಂಗಸನ್ನು ಬಿಡಿಸೋದು. ಐಸ್ ತುಂಬಿದ ಸ್ನಾನದ ತೊಟ್ಟಿಯಲ್ಲಿ ಅವಳನ್ನು ಮುಳುಗಿಸಿಟ್ಟಿರ್ತಾರೆ. ಅವಳ ದೇಹದ ಬಯೋಮಾನಿಟರ್ ಮತ್ತೆ ಸಿಗ್ನಲ್ ಕೊಟ್ಟ ಸ್ವಲ್ಪ ಹೊತ್ತಿಗೆ ಬಾಲ್ಕನಿಗೆ ಟ್ರಾಮಾ ಟೀಮ್‌ನ ಹಾರುವ ಆಂಬುಲೆನ್ಸ್ ಬಂದು ನಿಲ್ಲುತ್ತೆ. ಬಂದೂಕು ಹಿಡಿದ ಕಾವಲಿನವರೂ ಜೊತೆಗೆ. ಎತ್ತಿಕೊಂಡು ಬಂದ ವಿಗೇ ಬಂದೂಕು ತೋರಿಸಿ ಹಿಂದೆ ಸರಿ ಅಂತಾರೆ. ಯಾಕಂದರೆ ಅವಳದ್ದು ಪ್ಲಾಟಿನಂ ವಿಮೆ. ವಿಮೆ ಇಲ್ಲದವರಿಗೆ ಆಂಬುಲೆನ್ಸೂ ಇಲ್ಲ, ಮುಪ್ಪೂ ಇಲ್ಲ. ಅಷ್ಟು ದೂರ ಅವರು ಬರೋದೇ ಇಲ್ಲ.

ಪ್ರಶ್ನೆ: ಸಬುರೊ ಅರಸಾಕಾಗೆ 158 ವರ್ಷ. ನಿಜವಾಗಿ ಸಾಧ್ಯವಾ?
(ಓದುಗರು, ಗದಗ)

ಈವರೆಗೆ ದಾಖಲೆ ಸಮೇತ ಅತಿ ಹೆಚ್ಚು ಕಾಲ ಬದುಕಿದವರು ಫ್ರಾನ್ಸಿನ ಜಾನ್ ಕಾಲ್ಮಾ. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡರು, 122 ವರ್ಷ. ಅಲ್ಲಿಂದ ಈಚೆಗೆ ಆ ಗೆರೆಯನ್ನು ಯಾರೂ ದಾಟಿಲ್ಲ. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಇನ್ನೊಂದು ವಿಷಯ ತೋರಿಸಿದರು. ನಮ್ಮ ಮಾಮೂಲಿ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರೆ ಅವು ಸುಮಾರು ಐವತ್ತು ಸಲ ಒಡೆದು ಎರಡಾಗುತ್ತವೆ, ಆಮೇಲೆ ನಿಂತುಬಿಡುತ್ತವೆ. ಮುಪ್ಪಿಗೆ ಇದೊಂದೇ ಕಾರಣ ಅಲ್ಲ, ಹಾಗಾಗಿ ಇದೊಂದನ್ನು ಸರಿ ಮಾಡಿದರೂ 158 ಬರಲ್ಲ.

ತಮಾಷೆ ನೋಡಿ, ಅಷ್ಟು ದುಡ್ಡಿದ್ದೂ ಸಬುರೊ ಮುದುಕನ ಹಾಗೇ ಕಾಣ್ತಾನೆ. ಹುಟ್ಟಿದ್ದು 1919ರಲ್ಲಿ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ದೇಹವನ್ನು ಎಳೆದಷ್ಟು ಎಳೆದಾಯಿತು. ಇನ್ನು ಆಗಲ್ಲ ಅಂದಾಗ ಅವನು ಹಿಡಿದ ದಾರಿ ಬೇರೆ. ಕಥೆಯ ಒಂದು ಕೊನೆಯಲ್ಲಿ, ಕೊಲೆಯಾದ ಸಬುರೊನ ಮನಸ್ಸಿನ ಪ್ರತಿಯನ್ನು ಅವನನ್ನು ಕೊಂದ ಸ್ವಂತ ಮಗ ಯೊರಿನೊಬುವಿನ ದೇಹಕ್ಕೇ ಹಾಕುತ್ತಾರೆ. ಮಗನ ಮುಖ, ಮಗನ ಕೈ, ಒಳಗೆ ಅಪ್ಪ.

ನಮಗೆ ಇದು ಗೊತ್ತಿರೋ ಕಥೆಯೇ. ಯಯಾತಿ ಮುಪ್ಪು ಬಂತು ಅಂತ ಮಕ್ಕಳ ಹತ್ತಿರ ಯೌವನ ಕೇಳಿದ. ನಾಲ್ಕು ಜನ ಆಗಲ್ಲ ಅಂದರು, ಪೂರು ಒಬ್ಬ ಕೊಟ್ಟ. ಆದರೆ ಯಯಾತಿ ಕೇಳಿ ಪಡೆದ, ಸಾವಿರ ವರ್ಷ ಸುಖಪಟ್ಟ ಮೇಲೆ ಸಾಕು ಅನ್ನಿಸಿ ವಾಪಸ್ ಕೊಟ್ಟ. ಸಬುರೊ ಕೇಳೋದೂ ಇಲ್ಲ, ಕೊಡೋದೂ ಇಲ್ಲ. ಆ ದೃಶ್ಯದಲ್ಲಿ ಅವನ ಜೊತೆಗಾರರಿಗೆ ಇದು ಪವಾಡ. ಯೊರಿನೊಬು ಏನಾದ ಅಂತ ಅಲ್ಲಿ ಒಬ್ಬರಾದರೂ ಕೇಳಬೇಕಿತ್ತು.

ಪ್ರಶ್ನೆ: ನನ್ನ ಮಗ ಪಿಯುಸಿ. ಮೊನ್ನೆ ಅವನ ಕಂಪ್ಯೂಟರಿನಲ್ಲಿ ಒಬ್ಬನ ಕೈಯಿಂದ ಕತ್ತಿ ಹೊರಗೆ ಬರ್ತಾ ಇತ್ತು. ಏನೋ ಇದು ಅಂದರೆ, "ಚಾನ್ಸ್ ಸಿಕ್ಕರೆ ನಾನೂ ಹಾಕಿಸ್ಕೋತೀನಿ ಅಮ್ಮ" ಅಂದ. ಹೆದರಬೇಕಾ?
(ಗೃಹಿಣಿ, ಹಾಸನ)

ಹೆದರಬೇಡಿ ಅಮ್ಮಾ. ಅವನು ನೋಡಿದ್ದು ಮ್ಯಾಂಟಿಸ್ ಬ್ಲೇಡ್ಸ್, ಆಟದ ಶೋಕಿ ಸಾಮಾನು. ನಮ್ಮ ಕಾಲದ ಹುಡುಗರು ಸುದರ್ಶನ ಚಕ್ರ ಬೇಕು ಅಂದಿರಲಿಲ್ವಾ, ಹಾಗೇ ಇದು. ಆದರೆ ಆಟಕ್ಕೆ 18 ವರ್ಷ ಮೇಲ್ಪಟ್ಟವರಿಗೆ ಅಂತ ಗುರುತು ಹಾಕಿದ್ದಾರೆ, ಸುಮ್ನೆ ಹಾಕಿದ್ದಲ್ಲ. ರಕ್ತ, ಬೈಗುಳ, ಬೆತ್ತಲೆ ಎಲ್ಲಾ ಇದೆ. ಅದು ನಿಮ್ಮ ಮನೆಯಲ್ಲಿ ನೀವು ತೀರ್ಮಾನ ಮಾಡಬೇಕಾದ ವಿಷಯ.

ಒಂದು ಕೆಲಸ ಮಾಡಿ. ವಿ ಮೊದಲ ಸಲ ವಿಕ್ಟರ್ ಡಾಕ್ಟರ ಹತ್ತಿರ ಕಣ್ಣು ಹಾಕಿಸಿಕೊಳ್ಳುವ ದೃಶ್ಯ ತೋರಿಸು ಅನ್ನಿ ಅವನಿಗೆ. ನೆಲಮಾಳಿಗೆಯಲ್ಲಿ ಕ್ಲಿನಿಕ್, ಡಾಕ್ಟರು ಹಳೆ ಬಾಕ್ಸರ್, ಬಿಡುವಾದಾಗ ಹಳೆ ಬಾಕ್ಸಿಂಗ್ ಪಂದ್ಯ ನೋಡ್ತಾ ಕೂರುವ ಒಳ್ಳೆ ಮನುಷ್ಯ. ಕಣ್ಣು ಹೊರಗೆ ಬರುತ್ತೆ, ತೆರೆ ಕತ್ತಲಾಗುತ್ತೆ, ಹೊಸದು ಕೂತ ಮೇಲೆ ಬೆಳಕು ಬರುತ್ತೆ. ಆಮೇಲೆ ಲೆಕ್ಕ, 21,000 ಎಡ್ಡಿ. ಅದು ಅಲ್ಲಿಯ ರೊಕ್ಕ. ವಿ ಕೈಯಲ್ಲಿ ಅಷ್ಟಿಲ್ಲ, ಸಾಲ ಬರೆಸಿಕೊಂಡು ಹೊರಗೆ ಬರ್ತಾರೆ. ಆ ಸಾಲ ತೀರಿಸಿದ್ಯೇನೋ ಅಂತ ಕೇಳಿ ಅವನನ್ನ. ತೀರಿಸದೇ ಇದ್ದರೂ ಆಟ ನಡೆಯುತ್ತೆ, ಬಡ್ಡಿಯೂ ಇಲ್ಲ. ಅಷ್ಟರ ಮೇಲೆ ಏನು ಹೇಳ್ತಾನೆ ನೋಡೋಣ.

ಪ್ರಶ್ನೆ: ನಮ್ಮ ತಾತನಿಗೆ ಪೇಸ್‌ಮೇಕರ್ ಇದೆ, ಎರಡು ಕಣ್ಣಿಗೂ ಪೊರೆ ಆಪರೇಷನ್ ಆಗಿದೆ, ಮಂಡಿಯೂ ಬದಲಾಗಿದೆ. ಆಟದ ಲೆಕ್ಕದಲ್ಲಿ ತಾತನಿಗೆ ಸೈಬರ್‌ಸೈಕೋಸಿಸ್ ಬರಬೇಕಲ್ವಾ? (ಕೋಪ ಜಾಸ್ತಿಯೇ ಇದೆ.)
(ಓದುಗರು, ಉಡುಪಿ)

ತಾತನ ಕೋಪಕ್ಕೆ ಪೇಸ್‌ಮೇಕರ್ ಮೇಲೆ ಆಪಾದನೆ ಹೊರಿಸಬೇಡಿ.

ಗೊತ್ತಿಲ್ಲದವರಿಗೆ: ದೇಹಕ್ಕೆ ಯಂತ್ರ ತುರುಕಿ ತುರುಕಿ ಕೊನೆಗೆ ಮನುಷ್ಯರನ್ನು ಕಂಡರೆ ಆಗದೆ, ಹುಚ್ಚು ಹಿಡಿದು ಕೊಲ್ಲೋಕೆ ಶುರು ಮಾಡೋದಕ್ಕೆ ಆಟದಲ್ಲಿ ಸೈಬರ್‌ಸೈಕೋಸಿಸ್ ಅಂತಾರೆ. ಮೇಜಿನ ಆಟದಲ್ಲಿ ಇದಕ್ಕೆ ಪಕ್ಕಾ ಲೆಕ್ಕ ಇದೆ. ಪ್ರತಿ ಆಟಗಾರನಿಗೆ 'ಮಾನವೀಯತೆ' ಅಂತ ಅಂಕ. ಒಂದೊಂದು ಯಂತ್ರ ಹಾಕಿಸಿಕೊಂಡಾಗಲೂ ಇಷ್ಟಿಷ್ಟು ಕಳೆಯುತ್ತೆ. ಪ್ರತಿ ಹತ್ತು ಅಂಕ ಹೋದಾಗ ಬೇರೆಯವರ ನೋವು ಅರಿಯುವ ಗುಣ ಒಂದು ಮೆಟ್ಟಿಲು ಇಳಿಯುತ್ತೆ. ಆದರೆ ಹೊಸ ನಿಯಮದಲ್ಲಿ ಪಾಂಡ್‌ಸ್ಮಿತ್ ತಂಡ ಒಂದು ಬಾಗಿಲು ತೆರೆದಿಟ್ಟಿದೆ. ಕಳೆದುಹೋದ ಕೈಗೆ ಚಿಕಿತ್ಸೆ ಅಂತ ಕೈ ಹಾಕಿಸಿಕೊಂಡರೆ ಅಂಕ ಕಳೆಯಲ್ಲ, ಚೆನ್ನಾಗಿರುವ ಕೈಯನ್ನು ಕತ್ತರಿಸಿ ಫಿರಂಗಿ ಹಾಕಿಸಿಕೊಂಡರೆ ಕಳೆಯುತ್ತೆ. ತಾತ ಪಾಸು.

ನಿಜ ಜೀವನದಲ್ಲೂ ಸಾಕ್ಷಿ ಇದೆ. ಪೂರ್ತಿ ದೇಹದೊಳಗೇ ಕೂರುವ ಪೇಸ್‌ಮೇಕರನ್ನು ಮೊದಲು ಹಾಕಿಸಿಕೊಂಡವರು ಸ್ವೀಡನ್ನಿನ ಆರ್ನೆ ಲಾರ್ಸನ್, 1958ರಲ್ಲಿ. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆದು ಕೆಟ್ಟಿತು. ಆಮೇಲೆ ಒಂದಾದ ಮೇಲೊಂದು ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡು 86 ವರ್ಷ ಬದುಕಿದರು. 2001ರಲ್ಲಿ ತೀರಿಕೊಂಡಿದ್ದೂ ಹೃದಯದ ಕಾಯಿಲೆಯಿಂದ ಅಲ್ಲ. ಕಣ್ಣಿನ ಕಥೆ ಇನ್ನೂ ಚಂದ. ಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳ ಕಣ್ಣಿಗೆ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಹೊಕ್ಕರೂ ಕಣ್ಣು ಅದನ್ನು ಸುಮ್ಮನೆ ಸಹಿಸಿಕೊಂಡಿತ್ತು. ಹೆರಾಲ್ಡ್ ರಿಡ್ಲಿ ಅನ್ನೋ ಡಾಕ್ಟರು ಅದನ್ನು ಗಮನಿಸಿ, ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕಣ್ಣೊಳಗೆ ಕೂರಿಸಿದರು. ಇವತ್ತು ನಮ್ಮ ಹಳ್ಳಿಗಳ ಕಣ್ಣಿನ ಶಿಬಿರದಲ್ಲಿ ಅಜ್ಜಿಯರಿಗೆ ಹಾಕುವ ಲೆನ್ಸ್ ಅದರದೇ ಸಂತಾನ.

ವಿಡಿಯೋ ಗೇಮಿನಲ್ಲಿ ರೆಜಿನಾ ಅನ್ನೋ ಮಾಜಿ ಪತ್ರಕರ್ತೆ 17 ಸೈಬರ್‌ಸೈಕೋಗಳನ್ನು ಕೊಲ್ಲದೆ ಹಿಡಿದುಕೊಡು ಅಂತಾಳೆ. ಹೊಡೆದು ಬೀಳಿಸಿದ ಮೇಲೆ ಅಲ್ಲಿ ಬಿದ್ದಿರುವ ಸಂದೇಶಗಳನ್ನು ತಪ್ಪದೆ ಓದಿ. ಯುದ್ಧದ ಗಾಯ, ಸಾಲ, ಹೋದ ಕೆಲಸ, ಮುರಿದ ಸಂಸಾರ. ಎಷ್ಟೋ ಕಡೆ ಯಂತ್ರ ಬರೀ ಕೊನೆಯ ನೆಪ ಅನ್ನಿಸುತ್ತೆ.

ಪ್ರಶ್ನೆ: ಮಗಳಿಗೆ ಚಿಕ್ಕಂದಿನಲ್ಲೇ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸೋಕೆ ಒಳಗೆ ಕೂರಿಸುವ ಯಂತ್ರ) ಮಾಡಿಸಿದ್ದೇವೆ. ಈಗ ಹೊರಗಿನ ಪ್ರೊಸೆಸರ್ ಕೆಟ್ಟಿದೆ. ಆ ಮಾಡೆಲ್ ನಿಂತುಹೋಗಿದೆ, ಬಿಡಿಭಾಗ ಇಲ್ಲ, ಹೊಸದೇ ತಗೊಳ್ಳಿ ಅಂತ ಕಂಪನಿಯವರು ಅಂತಾರೆ. ಬೆಲೆ ಲಕ್ಷಗಳಲ್ಲಿ. ನನ್ನ ತಮ್ಮ "ಇದು ನೈಟ್ ಸಿಟಿಯೇ ಅಣ್ಣ" ಅಂದ. ಆಟದಲ್ಲಿ ಹೀಗೂ ಇದೆಯಾ?
(ತಂದೆ, ಮೈಸೂರು)

ಇದೆ ಸಾರ್. ವಿ ಕಂಪನಿ ನೌಕರ ಅಂತ ಆರಿಸಿಕೊಂಡು ಆಟ ಶುರು ಮಾಡಿದರೆ ಮೊದಲ ಅರ್ಧ ಗಂಟೆಯಲ್ಲೇ ಬರುತ್ತೆ. ಬಾರಿನಲ್ಲಿ ಗೆಳೆಯನ ಜೊತೆ ಮಾತಾಡ್ತಾ ಕೂತಿರುವಾಗ ಕಂಪನಿಯವರು ಬಂದು ಕೆಲಸ ಹೋಯಿತು ಅಂತಾರೆ. ಅಲ್ಲೇ, ಆ ಕ್ಷಣವೇ, ಅವನ ದೇಹದೊಳಗಿನ ಕಂಪನಿಯ ಸಾಮಾನು ಒಂದೊಂದಾಗಿ ಆಫ್ ಆಗುತ್ತೆ. ಕಣ್ಣೆದುರಿನ ತೆರೆ ಒಡೆಯುತ್ತೆ, ಅಕ್ಷರ ಚೆದುರುತ್ತೆ, ಕೂತ ಜಾಗದಲ್ಲೇ ಆಳು ತತ್ತರಿಸಿ ಹೋಗ್ತಾನೆ. ಐಡಿ ಕಾರ್ಡ್ ಕಿತ್ತುಕೊಳ್ಳೋದನ್ನು ನಾವು ನೋಡಿದ್ದೇವೆ, ಅಲ್ಲಿ ದೃಷ್ಟಿಗೇ ಕೈ ಹಾಕ್ತಾರೆ.

ನಿಮ್ಮ ತಮ್ಮನಿಗೆ ಇನ್ನೊಂದು ಹೇಳಿ, ಇದು ಕಥೆಯಲ್ಲ. ಕ್ಯಾಲಿಫೋರ್ನಿಯಾದ ಸೆಕೆಂಡ್ ಸೈಟ್ ಕಂಪನಿ ಆರ್ಗಸ್ 2 ಅನ್ನೋ ಕೃತಕ ದೃಷ್ಟಿಯ ಯಂತ್ರ ಮಾಡುತ್ತಿತ್ತು. ಕನ್ನಡಕದಲ್ಲಿ ಕ್ಯಾಮರಾ, ಕಣ್ಣಿನ ಪರದೆಯ ಮೇಲೆ 60 ಎಲೆಕ್ಟ್ರೋಡ್. 2013ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಕಾಣ್ತಾ ಇದ್ದಿದ್ದು ಬೆಳಕು-ನೆರಳಿನ ಚುಕ್ಕಿಗಳಷ್ಟೇ, ಆದರೂ ಕತ್ತಲಲ್ಲಿದ್ದವರಿಗೆ ಅದು ದೊಡ್ಡದು. ಪ್ರಪಂಚದಾದ್ಯಂತ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡಿದ್ದರು. 2020ರ ಹೊತ್ತಿಗೆ ಕಂಪನಿ ದಿವಾಳಿಯ ಅಂಚಿಗೆ ಬಂತು. ಹಾಕಿಸಿಕೊಂಡವರು ಕಣ್ಣೊಳಗೆ ಸಾಮಾನು ಇಟ್ಟುಕೊಂಡು ರಿಪೇರಿಗೆ ದಿಕ್ಕಿಲ್ಲದೆ ಉಳಿದರು. ನೈಟ್ ಸಿಟಿಯಲ್ಲಾದರೆ ವಿಕ್ಟರ್ ಇದ್ದಾನೆ, ಯಾವ ಕಂಪನಿಯ ಮಾಲಾದರೂ ಬಿಚ್ಚಿ ನೋಡ್ತಾನೆ. ನಮ್ಮಲ್ಲಿ ಕಂಪನಿಯೊಂದೇ ಬಾಗಿಲು.

ನಿಮ್ಮ ವಿಷಯಕ್ಕೆ ಬಂದರೆ, ಒಳಗಿನ ಭಾಗ ಸರಿ ಇದ್ದರೆ ಮತ್ತೆ ಆಪರೇಷನ್ ಬೇಕಾಗಲ್ಲ, ಹೊರಗಿನದು ಬದಲಾದರೆ ಸಾಕು. ನಿಮ್ಮ ಊರಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, 1965ರಿಂದ ಇದೆ. ಅಲ್ಲಿಯ ಆಡಿಯಾಲಜಿಸ್ಟ್ ಹತ್ತಿರ ಮಗಳನ್ನು ಕರೆದುಕೊಂಡು ಹೋಗಿ. ಒಳಗಿನ ಭಾಗಕ್ಕೆ ಹೊಂದುವ ಪ್ರೊಸೆಸರ್ ಯಾವುದು, ಸಹಾಯ ಏನು ಸಿಗುತ್ತೆ ಅಂತ ಕಂಪನಿಯ ಏಜೆಂಟನ್ನು ಬಿಟ್ಟು ಬೇರೆಯವರ ಬಾಯಿಂದ ಕೇಳಿ. ಮಾಡೆಲ್ ನಿಂತಿದೆ ಅನ್ನೋದನ್ನು ಕಂಪನಿಯಿಂದ ಬರಹದಲ್ಲಿ ತಗೊಳ್ಳಿ. ಸಹಾಯಕ್ಕೆ ಅರ್ಜಿ ಹಾಕುವಾಗ ಬೇಕಾಗಬಹುದು.

ಪ್ರಶ್ನೆ: 2.0 ಅಪ್‌ಡೇಟ್ ಆದಮೇಲೆ ಮೈತುಂಬಾ ಸೈಬರ್‌ವೇರ್ ಹಾಕೋಕೆ ಬಿಡ್ತಿಲ್ಲ. ಏನು ಮಾಡ್ಲಿ?
(ಗೇಮರ್, ಹುಬ್ಬಳ್ಳಿ)

2023ರ ಸೆಪ್ಟೆಂಬರಿನಿಂದ ಹಾಗೇ. ದೇಹಕ್ಕೊಂದು ಮಿತಿ ಇಟ್ಟಿದ್ದಾರೆ, ಲೆವೆಲ್ ಏರಿದಂತೆ ಮಿತಿಯೂ ಏರುತ್ತೆ. ಟೆಕ್ನಿಕಲ್ ಎಬಿಲಿಟಿಯಲ್ಲಿ 'ಎಡ್ಜ್‌ರನ್ನರ್' ಪರ್ಕ್ ತಗೊಂಡರೆ ಮಿತಿ ಮೀರಬಹುದು, ಮೀರಿದಷ್ಟೂ ಹೆಲ್ತ್ ಕಡಿಮೆಯಾಗುತ್ತೆ. ಜೊತೆಗೆ ಯಾರನ್ನಾದರೂ ಕೊಂದಾಗ ಆಗಾಗ ರೋಷ ಉಕ್ಕುತ್ತೆ. ಮೇಜಿನ ಆಟದ ಹಳೆ ಭಯವನ್ನು ಹಿಂಬಾಗಿಲಿನಿಂದ ತಂದಿದ್ದಾರೆ ಅಂತ ನನ್ನ ಗುಮಾನಿ. ಸುತ್ತಲಿನ ಸಮಯವನ್ನೇ ನಿಧಾನ ಮಾಡುವ ಸ್ಯಾಂಡೆವಿಸ್ಟಾನ್ ಹಾಕಿದರೆ ಮಜಾ ಇದೆ. ಸತ್ತು ಬಿದ್ದಾಗ ಮತ್ತೆ ಎಬ್ಬಿಸುವ ಸೆಕೆಂಡ್ ಹಾರ್ಟ್ ಮರೀಬೇಡಿ.

ಪ್ರಶ್ನೆ: 'ಫ್ಯಾಂಟಮ್ ಲಿಬರ್ಟಿ'ಯ ಟವರ್ ಎಂಡಿಂಗ್ ನೋಡಿ ನಂಗೆ ಸಿಟ್ಟೇ ಬಂತು. ವಿ ಬದುಕಿದರೂ ಏನೂ ಇಲ್ಲದವರಾಗಿಬಿಡ್ತಾರೆ. ಇಷ್ಟು ಕಷ್ಟಪಟ್ಟಿದ್ದು ಇದಕ್ಕಾ?
(ಐಟಿ ಉದ್ಯೋಗಿ, ಬೆಂಗಳೂರು)

ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದರೆ ನನ್ನ ಪ್ರಕಾರ ಇಡೀ ಆಟದಲ್ಲಿ ಮುಪ್ಪನ್ನು ನೇರವಾಗಿ ತೋರಿಸಿದ್ದು ಇದೊಂದೇ ಕಡೆ. ಅದೂ ಇಪ್ಪತ್ತರ ಹರೆಯದ ಒಬ್ಬರ ಮೇಲೆ.

ಬೇರೆಯವರಿಗಾಗಿ ಸ್ವಲ್ಪ ಹಿಂದಿನದು. ಜಾನಿಯ ಚಿಪ್ ವಿಯ ಮಿದುಳನ್ನು ತಿನ್ನುತ್ತಾ ಬರುತ್ತೆ, ಬೇರೆ ಕೊನೆಗಳಲ್ಲಿ ವಿಗೆ ಉಳಿಯೋದು ಹೆಚ್ಚೆಂದರೆ ಆರು ತಿಂಗಳು. 2023ರ ಈ ಹೊಸ ಭಾಗದಲ್ಲಿ ಮಾತ್ರ ಸರ್ಕಾರದವರು ಆಪರೇಷನ್ ಮಾಡಿ ಉಳಿಸ್ತಾರೆ. ಕಣ್ಣು ಬಿಟ್ಟಾಗ ಎರಡು ವರ್ಷ ಕಳೆದಿರುತ್ತೆ. ಇನ್ನು ಜನ್ಮದಲ್ಲಿ ಹೋರಾಟದ ಸೈಬರ್‌ವೇರ್ ಹಾಕೋ ಹಾಗಿಲ್ಲ, ನರಗಳು ತಡೆಯಲ್ಲ.

ಆಮೇಲಿನದನ್ನು ಗಮನಿಸಿ. ಒಬ್ಬೊಬ್ಬರಿಗೇ ಫೋನ್ ಮಾಡಿದರೆ ಗೊತ್ತಾಗುತ್ತೆ, ಅವರವರ ಬದುಕು ಮುಂದೆ ಹೋಗಿದೆ. ವಿಯ ಗೆಳತಿ ಜೂಡಿ ಮದುವೆಯಾಗಿ ಪಿಟ್ಸ್‌ಬರ್ಗ್ ಸೇರಿದ್ದಾಳೆ. ವಿಕ್ಟರ್ ಕ್ಲಿನಿಕ್ಕಿಗೆ ಹೋದರೆ ಅಲ್ಲಿ ದೊಡ್ಡ ಕಂಪನಿಯ ಬೋರ್ಡು, ಅವನು ಈಗ ಜೀಟಾಟೆಕ್ ನೌಕರ. ಬೀದಿಯಲ್ಲಿ ಸಾಮಾನ್ಯ ಪುಂಡರು ಅಡ್ಡ ಹಾಕ್ತಾರೆ. ನಿನ್ನೆಯವರೆಗೆ ಅಂಥವರನ್ನು ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಮಲಗಿಸ್ತಿದ್ವಿ. ಇಲ್ಲಿ ಬಟನ್ ಒತ್ತಿದರೂ ಕೈ ಏಳಲ್ಲ. ಒದೆ ತಿಂದು ಬಿದ್ದಾಗ ಎಬ್ಬಿಸೋಕೆ ಬರೋದು ಹಳೆ ಗೆಳತಿ ಮಿಸ್ಟಿ, ಅವಳೂ ಊರು ಬಿಟ್ಟು ಹೊರಟವಳೇ. ಆಮೇಲೆ ವಿ ಜನರ ಗುಂಪಿನೊಳಗೆ ನಡೆದು ಸೇರಿಕೊಳ್ತಾರೆ, ಯಾರೂ ತಿರುಗಿ ನೋಡಲ್ಲ.

ರಿಟೈರ್ ಆದ ಮಾರನೇ ತಿಂಗಳು ಹಳೆ ಆಫೀಸಿಗೆ ಹೋಗಿ ಬಂದವರನ್ನು ಕೇಳಿ, ಇದನ್ನೇ ಹೇಳ್ತಾರೆ. ಕೈಯಲ್ಲಿ ಆಗ್ತಿದ್ದ ಕೆಲಸ ಆಗಲ್ಲ, ಪರಿಚಯದವರು ಇಲ್ಲ, ರಸ್ತೆ ದಾಟೋಕೆ ಹೆದರಿಕೆ. ಸಬುರೊ, ಹನಾಕೋ, ಕೆರ್ರಿ ಎಲ್ಲರೂ ಯಾವುದರಿಂದ ತಪ್ಪಿಸಿಕೊಳ್ಳೋಕೆ ಅಷ್ಟು ಸುರಿದರೋ ಅದನ್ನು ಆಟ ತಂದು ನಮ್ಮ ಕೈಗೆ ಕೊಟ್ಟಿದೆ, ಕಂಟ್ರೋಲರ್ ಸಮೇತ. ಸಿಟ್ಟು ಬಂದಿದ್ದು ಒಳ್ಳೆಯದೇ, ಅದು ಬರಲಿ ಅಂತಲೇ ಹಾಗೆ ಮಾಡಿರೋದು. ನಂಗೆ ಕೊರತೆ ಅನ್ನಿಸಿದ್ದು ಬೇರೆ. ಅಲ್ಲಿಗೇ ಪರದೆ ಬೀಳಿಸಿಬಿಟ್ಟರು. ಆ ದೇಹದಲ್ಲಿ ವಿ ಮಾರನೇ ದಿನ ಏನು ಮಾಡ್ತಾರೆ, ಯಾವ ಕೆಲಸ ಹುಡುಕ್ತಾರೆ, ಯಾರ ಮನೆಯಲ್ಲಿ ಇರ್ತಾರೆ ಅಂತ ಒಂದು ಗಂಟೆಯಾದರೂ ಆಡಿಸಬೇಕಿತ್ತು.

ಪ್ರಶ್ನೆ: ಮುಂದಿನ ಭಾಗ ಬರುತ್ತಾ?
(ಅದೇ ಗೇಮರ್, ಹುಬ್ಬಳ್ಳಿ)

ಬರುತ್ತೆ. 2022ರಲ್ಲೇ 'ಓರಿಯನ್' ಅನ್ನೋ ಗುಟ್ಟಿನ ಹೆಸರಲ್ಲಿ ಘೋಷಿಸಿದ್ದಾರೆ, ಕೆಲಸ ನಡೀತಾ ಇದೆ. ಸದ್ಯಕ್ಕಂತೂ ಇಲ್ಲ, ಅಲ್ಲಿವರೆಗೆ ವಿಕ್ಟರ್ ಸಾಲ ತೀರಿಸಿಬಿಡಿ. ನನಗೆ ಒಂದೇ ಆಸೆ, ಈ ಸಲ ನಾವು ಆಡುವ ಪಾತ್ರಕ್ಕೆ ಅರವತ್ತು ವರ್ಷ ಆಗಿರಲಿ. ಮೂವತ್ತು ವರ್ಷ ಹಳೆಯ ಕೈ, ಬಿಡಿಭಾಗ ಸಿಗದ ಕಣ್ಣು, ಆಗಾಗ ಹ್ಯಾಂಗ್ ಆಗುವ ಸ್ಯಾಂಡೆವಿಸ್ಟಾನ್. ನೀವು ಕೊಂಡುಕೊಳ್ತೀರಾ ಅನ್ನೋದು ಮಾತ್ರ ಅನುಮಾನ.